ಮೆಟ್ಟಿಲು ಕಿತ್ತ ಗಾಡಿ

ನಿನ್ನೆಯ ಪ್ರವಚನದಲ್ಲಿ ಮಾತು ಎಲ್ಲಿಗೆ ನಿಂತಿತ್ತು, ಹೇಳಿ ನೋಡೋಣ. ಮರೆತಿದ್ದೀರಿ. ಪ್ರಸಾದಕ್ಕೆ ಗೋಧಿ ಹುಗ್ಗಿ ಇತ್ತು ಎಂಬುದು ನೆನಪಿದೆ, ಮಾತು ಮರೆತಿದೆ. ಇರಲಿ, ಹುಗ್ಗಿ ಚೆನ್ನಾಗಿತ್ತು, ನಾನೂ ಎರಡು ಸಲ ಹಾಕಿಸಿಕೊಂಡೆ. ಒಳ್ಳೆಯ ಕೆಲಸಕ್ಕೆ ತಯಾರಿ ಎಷ್ಟು ಬೇಕು ಎಂಬಲ್ಲಿಗೆ ನಿಲ್ಲಿಸಿದ್ದೆ. ಇವತ್ತು ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ.

ಇದ್ದನಪ್ಪಾ ಒಬ್ಬ ಶ್ರೀಮಂತ, ನಮ್ಮೂರಿನಂಥದೇ ಒಂದು ಊರಿನಲ್ಲಿ. ಎರಡು ಹತ್ತಿ ಮಿಲ್ಲು, ದೊಡ್ಡ ಮನೆ, ಒಳ್ಳೆಯ ಮನಸ್ಸು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಅವನ ಮನೆಯ ಕಡೆ ನೋಡುತ್ತೀರಿ. ಹೇಳದಿದ್ದರೆ ನಿಮ್ಮ ಮನೆಯ ಕಡೆ ನೋಡುತ್ತೀರಿ. ಸಾಹುಕಾರ ಅನ್ನೋಣ, ಸಾಕು.

ಆ ಸಾಹುಕಾರನ ಹೆಂಡತಿಯ ತವರೂರು ನೀರಿನಡಿಯಲ್ಲಿದೆ. ಆಕೆ ಹನ್ನೊಂದು ವರ್ಷದವಳಿದ್ದಾಗ ಡ್ಯಾಮಿನ ನೀರು ಊರಿಗೆ ನುಗ್ಗುತ್ತದೆ ಎಂದು ಜನರನ್ನೆಲ್ಲ ದಿಬ್ಬದ ಮೇಲಿನ ಹೊಸ ಊರಿಗೆ ಕಳಿಸಿದರು. ಬಾಗಿಲು, ತೊಲೆ, ದನ, ಕರು ಎಲ್ಲವನ್ನೂ ಹೇರಿಕೊಂಡು ಹೋದರು. ಒಂದನ್ನು ಮಾತ್ರ ಒಯ್ಯಲಾಗಲಿಲ್ಲ. ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒಳಕಲ್ಲು. ತಾಯಂದಿರಿಗೆ ಹೇಳಬೇಕಾಗಿಲ್ಲ, ಈಗಿನ ಹುಡುಗಿಯರಿಗೆ ಹೇಳುತ್ತೇನೆ. ನೆಲಕ್ಕೆ ಸಮನಾಗಿ ಹೂತು, ನಡುವೆ ಕುಳಿ ಕಡೆದ ಕಲ್ಲು. ಕಾರ, ಅರಿಸಿನ, ಅವಲಕ್ಕಿ ಎಲ್ಲವನ್ನೂ ಕುಟ್ಟುತ್ತಿದ್ದುದು ಅದರಲ್ಲೇ. ಮನೆಯಲ್ಲಿ ಮದುವೆ ಎಂದರೆ ಮೊದಲ ಅರಿಸಿನ ಆ ಕಲ್ಲಿಗೆ, ಆಮೇಲೆ ಮದುಮಗಳಿಗೆ. ಈಕೆಯ ಮದುವೆಯಲ್ಲಿ ಪಕ್ಕದ ಮನೆಯವರ ಕಲ್ಲಿಗೆ ಪೂಜೆ ಮಾಡಿದರು. ಅವತ್ತು ಆಕೆಯ ತಾಯಿ ಕಣ್ಣೊರೆಸಿಕೊಂಡು ಹೇಳಿದಳಂತೆ, "ನಿನ್ನ ಪಾಲಿನ ಅರಿಷಿಣ ಅಲ್ಲೇ ನೀರಾಗ ಉಳೀತು ನೋಡವಾ. ಎಂದಾರ ಒಮ್ಮೆ ಹೋಗಿ, ನಿನ್ನ ಕೈಯಾರೆ ಒಂದು ಬೊಟ್ಟು ಹಚ್ಚಿ ಬಾ."

ತಾಯಿ ಹೋಗಿ ಬಹಳ ವರ್ಷವಾಯಿತು. ಮಾತು ಉಳಿದಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಡ್ಯಾಮಿನ ನೀರು ಹಿಂದೆ ಸರಿದು ಹಳೆಯ ಊರು ಮೇಲೇಳುತ್ತದೆ. ಗೋಡೆಗಳಿಲ್ಲ, ಬರಿಯ ಬುನಾದಿ, ಕಟ್ಟೆ, ಹೊಸ್ತಿಲು. ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು ದಿನ. ಮೇಲೆ ಮಳೆಯಾದರೆ ಮತ್ತೆ ನೀರು. ಒಂದು ವರ್ಷ ಸಾಹುಕಾರ ಹೆಂಡತಿಯನ್ನು ಕರೆದುಕೊಂಡು ತನ್ನ ಕಾರಿನಲ್ಲಿ ಹೊರಟ. ಮೇಲೆ ಒಣಗಿ ಬಿರುಕು ಬಿಟ್ಟ ನೆಲ, ಒಳಗೆ ಹಸಿ ಹೂಳು. ಇನ್ನೇನು ಊರಬಾಗಿಲಿನ ಅಗಸೆಕಟ್ಟೆ ಕಂಡಿತು ಅನ್ನುವಾಗ ಕಾರು ಹೊಟ್ಟೆಯವರೆಗೆ ಕೂತುಬಿಟ್ಟಿತು. ಹಳೆಯ ಊರು ನೋಡಲು ಬಂದಿದ್ದ ಆಕೆಯ ತವರಿನವರೆಲ್ಲ ಓಡಿ ಬಂದರು. ಅವರಲ್ಲೊಬ್ಬ ಮುದುಕಿ, ಬಾಯಿ ಸುಮ್ಮನಿರಬೇಕಲ್ಲ, "ಅಳಿಯಂದಿರು ಕಾರು ನೆಟ್ಟಾರ ನೋಡ್ರೇ! ಮಳಿ ಆದರ ಚಿಗೀತೈತಿ!" ಎಂದಳು. ಜನ ಬಿದ್ದು ಬಿದ್ದು ನಕ್ಕರು. ನೀವೂ ನಗುತ್ತಿದ್ದೀರಿ. ಅವನು ನಗಲಿಲ್ಲ.

ಟ್ರಾಕ್ಟರಿನವನೊಬ್ಬ ಬಂದು ಕಾರನ್ನು ಎಳೆದು ಹಾಕಿದ. ಆಮೇಲೆ ಆಕೆಗೆ ಹೇಳಿದ, "ಅಕ್ಕಾರ, ಟ್ರಾಲಿ ಹತ್ತರಿ. ಇಲ್ಲೇ ಐತಿ ನಿಮ್ಮ ಮನಿ, ಒಂದು ಬೀಡಿ ಸೇದೂದ್ರಾಗ ಮುಟ್ಟಸ್ತೀನಿ."

ಆಕೆ ಆಗಲೇ ಸೆರಗು ಸಿಕ್ಕಿಸಿಕೊಂಡು ಒಂದು ಕಾಲು ಎತ್ತಿದ್ದಳು. ಸಾಹುಕಾರ, "ಏನೂ ಬ್ಯಾಡ. ನನ್ನ ಹೆಂಡ್ತಿ ಟ್ರಾಲಿ ಹತ್ತಿ ತವರಿಗೆ ಹೋಗಬೇಕಾ? ಮುಂದಿನ ವರ್ಷ ಬರತೀವಿ. ನಮ್ಮ ಗಾಡ್ಯಾಗ ಬರತೀವಿ" ಎಂದ. ಅಷ್ಟು ಹತ್ತಿರದಿಂದ ತಿರುಗಿ ಬಂದರು.

ನಾನು ಅವನನ್ನು ಬೈಯುವುದಿಲ್ಲ. ಹೆಂಡತಿಯ ತವರಿನವರ ಮುಂದೆ ನಗೆಪಾಟಲಾದ ಅಳಿಯನ ಸಂಕಟ ಸಣ್ಣದಲ್ಲ. ಇಲ್ಲಿ ಹಾಗೆ ಆದವರು ಯಾರಿದ್ದೀರಿ, ಕೈ ಎತ್ತಿ. ನೋಡಿ, ಒಂದು ಕೈಯೂ ಏಳುವುದಿಲ್ಲ! ಪಕ್ಕದಲ್ಲಿ ಮಾವನ ಕಡೆಯವರು ಕೂತಿರಬೇಕು.

ಅವನು ಮಾತಿಗೆ ತಪ್ಪಲಿಲ್ಲ. ಗಾಡಿ ತಂದ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥ ಫೋರ್ ವ್ಹೀಲ್ ಗಾಡಿ. ಸಾಲದು ಎನಿಸಿತು. ದಪ್ಪ ಹಲ್ಲಿನ ಟೈರು ಹಾಕಿಸಿದ. ದೊಡ್ಡ ಟೈರು ಹಾಕಿದರೆ ಮೇಲೆ ತಾಗುತ್ತದಲ್ಲ, ಸ್ಪ್ರಿಂಗು ಬದಲಿಸಿ ಗಾಡಿಯನ್ನು ಎತ್ತರಿಸಿದ. ಅಷ್ಟರಲ್ಲಿ ಬೇಸಿಗೆ ಬಂತು.

"ನೀರು ಇಳದಾವಂತ್ರೀ" ಎಂದಳು ಹೆಂಡತಿ.

"ಒಂದೀಟು ತಡಿ. ವಿಂಚ್ ಬಂದಿಲ್ಲ."

ವಿಂಚ್ ಎಂದರೆ ಗಾಡಿಯ ಮೂತಿಗೆ ಕೂರಿಸುವ ಯಂತ್ರ. ಕೆಸರಿನಲ್ಲಿ ಸಿಕ್ಕಿಕೊಂಡರೆ ಮುಂದಿನ ಮರಕ್ಕೆ ಹಗ್ಗ ಕಟ್ಟಿ, ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಮುಳುಗಿದ ಊರಿನಲ್ಲಿ ಮರ ಎಲ್ಲಿದೆ ಎಂದು ಅವನೂ ಕೇಳಲಿಲ್ಲ, ಮಾರಿದವನೂ ಕೇಳಲಿಲ್ಲ. ಎರಡನೆಯ ವರ್ಷ ವಿಂಚ್ ಬಂತು. ಎಂಜಿನ್ನು ನೀರಿಗಿಳಿದರೂ ಉಸಿರಾಡಲಿ ಎಂದು ಆನೆಯ ಸೊಂಡಿಲಿನ ಹಾಗೆ ಮೇಲಕ್ಕೆ ಹೋಗುವ ಕೊಳವೆ ಬಂತು. ಹತ್ತಿ ಇಳಿಯಲು ಬಾಗಿಲಿನ ಕೆಳಗೆ ಮೆಟ್ಟಿಲಿರುತ್ತದಲ್ಲ, ಅದು ಕಲ್ಲಿಗೆ ಬಡಿಯುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದ. ಅದನ್ನು ಕೀಳಿಸಿದ. ಕೀಳುವ ಮಿಸ್ತ್ರಿ ಒಂದು ಮಾತು ಕೇಳಿದ, "ಸಾವಕಾರ್ರ, ಮನ್ಯಾಗಿನವರು ಹೆಂಗ ಹತ್ತತಾರ್ರೀ?"

"ಜಿಗದು ಹತ್ತತಾಳ ಬಿಡೋ. ಆಕಿ ಚಿಗರಿ ಇದ್ದಂಗ ಅದಾಳ" ಎಂದ ಸಾಹುಕಾರ.

ಅವನಿಗೆ ಗೊತ್ತಿರಲಿಲ್ಲ. ಆ ಚಳಿಗಾಲದಿಂದಲೇ ಆಕೆ ಗೋಡೆ ಹಿಡಿದು ಏಳಲು ಶುರುಮಾಡಿದ್ದಳು. ಅವನು ದಿನವೂ ಗಾಡಿಯ ಅಡಿಗೆ ಮಲಗಿ ಸ್ಪ್ರಿಂಗು ನೋಡುತ್ತಿದ್ದ, ಹೆಂಡತಿಯ ಮೊಣಕಾಲು ನೋಡಲಿಲ್ಲ. ಆಕೆಯಾದರೂ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಗಂಡ ಇಷ್ಟು ಹುರುಪಿನಿಂದ ತನಗಾಗಿ ಮಾಡುತ್ತಿರುವಾಗ ಕಾಲುನೋವಿನ ಮಾತು ಯಾಕೆ ಎಂದು ನುಂಗಿಕೊಂಡಳು. ತಾಯಂದಿರೇ, ಇದು ನಿಮ್ಮ ತಪ್ಪು. ಇದನ್ನೂ ಇವತ್ತೇ ಹೇಳಿಬಿಡುತ್ತೇನೆ.

"ನೀರು ಇಳದಾವಂತ್ರೀ."

"ಒಂದೀಟು ತಡಿ. ಟೆಂಟ್ ಬರೂದೈತಿ."

ಮೂರನೆಯ ವರ್ಷ ಗಾಡಿಯ ತಲೆಯ ಮೇಲೆ ಮಡಚುವ ಟೆಂಟು ಬಂತು, ಅದಕ್ಕೊಂದು ಏಣಿ ಬಂತು. ಹಿಂದಿನ ಸೀಟು ಕಿತ್ತು ಪಾತ್ರೆ, ಒಲೆ, ಹಗ್ಗ, ಸಲಿಕೆ ಇಡಲು ಖಾನೆ ಮಾಡಿಸಿದ. ಡೀಸೆಲ್ ಕ್ಯಾನು, ನೀರಿನ ಟಾಕಿ, ಬ್ಯಾಟರಿಯ ಮೇಲೆ ನಡೆಯುವ ಪೆಟ್ಟಿಗೆಯಂಥ ಫ್ರಿಜ್ಜು. ಫ್ರಿಜ್ಜು ಯಾಕೆ ಗೊತ್ತೇ? ಆಕೆಗೆ ಮೊಸರಿಲ್ಲದೆ ಊಟ ಇಳಿಯುವುದಿಲ್ಲ. ಆ ಬಿಸಿಲಿನಲ್ಲಿ ಮೊಸರು ಹುಳಿಯಾಗಬಾರದು. ನೋಡಿ, ಎಂಥ ಪ್ರೀತಿ! ಆಕೆ ಏನು ಉಣ್ಣುತ್ತಾಳೆ ಎಂಬುದು ಗೊತ್ತು. ಆಕೆ ಹೇಗೆ ಹತ್ತುತ್ತಾಳೆ ಎಂಬುದು ಗೊತ್ತಿಲ್ಲ.

ಅಂತೂ ಒಂದು ಬೆಳಿಗ್ಗೆ ಗಾಡಿ ಸಿದ್ಧವಾಯಿತು. ಪಡುವಣದಲ್ಲಿ ಮೋಡ ಕಟ್ಟಿತ್ತು, ಮೇಲಿನ ಸೀಮೆಯಲ್ಲಿ ಮಳೆ ಶುರುವಾಗಿದೆ ಎಂದು ಸುದ್ದಿ ಬಂದಿತ್ತು. ಎರಡು ದಿನದಲ್ಲಿ ಊರು ಮತ್ತೆ ಮುಳುಗುತ್ತದೆ. ಇವತ್ತು ಹೋಗಬೇಕು, ಇಲ್ಲವಾದರೆ ಇನ್ನೊಂದು ವರ್ಷ. ಗಾಡಿಗೆ ಪೂಜೆಯಾಯಿತು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಓಣಿಯೆಲ್ಲ ನೋಡಲು ನಿಂತಿತು. ಆಕೆ ಇಳಕಲ್ಲ ಸೀರೆ ಉಟ್ಟು, ಅರಿಸಿನದ ಬಟ್ಟಲು ಹಿಡಿದು ಬಂದಳು. ಬಾಗಿಲು ತೆಗೆದ. ಗಾಡಿಯ ನೆಲ ಆಕೆಯ ಸೊಂಟದ ಹತ್ತಿರ ಇತ್ತು. ಒಂದು ಸಲ ಕಾಲು ಎತ್ತಿದಳು, ಆಗಲಿಲ್ಲ. ಬಾಗಿಲು ಹಿಡಿದು ಇನ್ನೊಂದು ಸಲ ಎತ್ತಿದಳು, ಮುಖ ಕಿವಿಚಿದಳು. ಬಟ್ಟಲನ್ನು ಎದೆಗೊತ್ತಿಕೊಂಡಳು.

"ಏನಾತ?" ಎಂದ.

"ಮೊಣಕಾಲು ಏಳವಲ್ಲವ್ರೀ" ಎಂದಳು. "ಹೋದ ವರ್ಷದಿಂದ ಹಿಂಗ ಐತಿ. ಡಾಕ್ಟರು ನೆಲಕ್ಕ ಕುಂಡ್ರಬ್ಯಾಡ ಅಂದಾರ. ನಿಮ್ಮ ಗಾಡಿ ಎಲ್ಲಿ ಬೇಕಾದಲ್ಲಿ ಹೋಗತೈತ್ರಿ. ನನಗ ಅದರಾಗ ಹೋಗಾಕ ಆಗೂದಿಲ್ಲ."

ಓಣಿಯ ಜನ ನೆಲ ನೋಡಿದರು. ಸಾಹುಕಾರ ಎಲ್ಲರೆದುರಿಗೆ ಧೂಳಿನಲ್ಲಿ ಒಂದು ಕಾಲು ಮಡಚಿ ಕುಳಿತ. "ತೊಡಿ ಮ್ಯಾಲೆ ಕಾಲಿಡು" ಎಂದ.

"ಅಯ್ಯ, ಏನ್ರೀ ಇದು! ಗಂಡನ ಮೈಮ್ಯಾಲೆ ಕಾಲಿಡಲೇನು? ಏಳ್ರಿ ಮ್ಯಾಲೆ!" ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಎದ್ದ. ಗಾಡಿಯ ಹಿಂಬಾಗಿಲು ತೆರೆದ. ಅಲ್ಲಿ ಇದ್ದದ್ದರಲ್ಲಿ ಎತ್ತರಕ್ಕೆ ಸರಿಯಾದದ್ದು ಒಂದೇ, ಆ ಫ್ರಿಜ್ಜು. ಮೊಸರಿನ ಪಾತ್ರೆ ತೆಗೆದಿಟ್ಟು, ಪೆಟ್ಟಿಗೆಯನ್ನು ತಂದು ಬಾಗಿಲ ಬುಡದಲ್ಲಿಟ್ಟ. ಆಕೆ ಅವನ ಹೆಗಲು ಹಿಡಿದು, ಫ್ರಿಜ್ಜಿನ ಮೇಲೆ ಕಾಲಿಟ್ಟು ಗಾಡಿ ಹತ್ತಿದಳು.

ಗಾಡಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅದನ್ನು ಒಪ್ಪಬೇಕು, ಬಾಣದ ಹಾಗೆ ಹೋಯಿತು. ಅಗಸೆಕಟ್ಟೆ ದಾಟಿ ಆಕೆಯ ಮನೆಯ ಹೊಸ್ತಿಲಿನವರೆಗೆ ಹೋಗಿ ನಿಂತಿತು. ಅಲ್ಲಿ ಯಾರಿದ್ದರು? ಅದೇ ಟ್ರಾಕ್ಟರಿನವ. ಟ್ರಾಲಿಯ ತುಂಬ ಮುದುಕರು, ಮುದುಕಿಯರು, ಬುತ್ತಿ ಗಂಟು. "ಬಂದ್ರಿ, ಅಕ್ಕಾರ?" ಎಂದ ಅವನು. "ಹೋದ ವರ್ಷತನಾ ನಿಮ್ಮ ಒಳಕಲ್ಲು ಕಾಣತಿತ್ತು. ಈ ಸಲ ಹೂಳು ಕುಂತೈತಿ ನೋಡ್ರಿ."

ಸಾಹುಕಾರ ಗಾಡಿಯ ಹಿಂಬಾಗಿಲು ತೆರೆದ. ಸಲಿಕೆ ತೆಗೆದ. ಗಾಲಿ ಸಿಕ್ಕಿಕೊಂಡರೆ ಬಿಡಿಸಲು ತಂದಿದ್ದ ಹೊಸ ಸಲಿಕೆ, ಮೇಲಿನ ಪ್ಲಾಸ್ಟಿಕ್ಕೂ ಹರಿದಿರಲಿಲ್ಲ. "ಎಲ್ಲಿ?" ಎಂದ. ಆಕೆ ಒಲೆ ಎಲ್ಲಿತ್ತು, ಬಾಗಿಲು ಎಲ್ಲಿತ್ತು ಎಂದು ಲೆಕ್ಕ ಹಾಕಿ ಕೈ ತೋರಿಸಿದಳು. ಅವನು ಅಗೆದ. ಮಿಲ್ಲಿನ ಮಾಲೀಕ, ಜನ್ಮದಲ್ಲಿ ಸಲಿಕೆ ಹಿಡಿದವನಲ್ಲ, ಅಂಗೈ ಬೊಬ್ಬೆ ಎದ್ದು ಒಡೆಯಿತು. ಮೊಣಕಾಲುದ್ದ ಅಗೆದ ಮೇಲೆ ಸಲಿಕೆ ಕಲ್ಲಿಗೆ ತಾಗಿತು.

ಒಳಕಲ್ಲು! ಸಿಕ್ಕಿತು! ಕಥೆ ಮುಗಿಯಿತು, ಮಂಗಳ ಹಾಡೋಣ ಎನ್ನುತ್ತೀರಿ. ತಡೆಯಿರಿ.

ಕಲ್ಲು ಗುಂಡಿಯ ತಳದಲ್ಲಿದೆ. ಅರಿಸಿನ ಹಚ್ಚಬೇಕಾದರೆ ನೆಲಕ್ಕೆ ಕೂತು ಬಗ್ಗಬೇಕು. ಆಕೆಗೆ ಕೂರಲು ಆಗುವುದಿಲ್ಲ. ಅವನು ಫ್ರಿಜ್ಜು ತಂದು ಗುಂಡಿಯ ಅಂಚಿಗಿಟ್ಟು ಅದರ ಮೇಲೆ ಆಕೆಯನ್ನು ಕೂರಿಸಿದ. ಹಿಂದಿನಿಂದ ಹಿಡಿದುಕೊಂಡ. ಆಕೆ ಬಟ್ಟಲಿಗೆ ಬೆರಳು ಅದ್ದಿ, ಬಗ್ಗಿ, ಕೈ ಚಾಚಿದಳು. ಮುಟ್ಟಲಿಲ್ಲ. ಇನ್ನೂ ಚಾಚಿದಳು. ಒಂದು ಗೇಣು. ಮೂವತ್ತೈದು ವರ್ಷ ಕಾದು, ಅಷ್ಟು ದೂರ ಬಂದು, ಕಲ್ಲು ಕಣ್ಣೆದುರಿಗಿದ್ದು, ಒಂದೇ ಒಂದು ಗೇಣು ಸಾಲದಾಯಿತು. ಬೆರಳಿನಿಂದ ಅರಿಸಿನ ಹನಿಹನಿಯಾಗಿ ಕಲ್ಲಿನ ಮೇಲೆ ಬಿತ್ತು.

"ಮೂರು ವರ್ಷದ ಹಿಂದ ಆ ಟ್ರಾಲಿ ಹತ್ತಿದ್ದರ, ನಾನ ಕುಂತು ಹಚ್ಚತಿದ್ದೆ" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ಆಮೇಲೆ ಬಟ್ಟಲನ್ನು ಅವನ ಕೈಗೆ ಕೊಟ್ಟಳು. "ನೀವ ಹಚ್ಚರಿ. ಅವ್ವಗ ಹೇಳತೀನಿ, ಅಳಿಯ ಹಚ್ಚಿದಾ ಅಂತ."

ಅವನು ಗುಂಡಿಗಿಳಿದು, ಬೊಬ್ಬೆ ಒಡೆದ ಕೈಯಿಂದ ಅರಿಸಿನ ಹಚ್ಚಿದ. ಹಚ್ಚುತ್ತಾ ಅತ್ತ. ಮೇಲೆ ಆಕೆಯೂ ಅತ್ತಳು. ಮೂರನೆಯ ದಿನಕ್ಕೆ ನೀರು ಬಂತು.

ಈಗ ಹೇಳಿ, ಆ ಸಾಹುಕಾರ ಕೆಟ್ಟವನೇ? ಅಲ್ಲ. ಸೋಮಾರಿಯೇ? ಅಲ್ಲವೇ ಅಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ದಾರಿಗೆ ಏನು ಬೇಕು ಎಂದು ಸಾವಿರ ಸಲ ಕೇಳಿದ. ಹೋಗಬೇಕಾದವಳಿಗೆ ಏನು ಬೇಕು ಎಂದು ಒಂದು ಸಲವೂ ಕೇಳಲಿಲ್ಲ. ಆಕೆಗೆ ಬೇಕಾಗಿದ್ದುದು ಕಲ್ಲು. ಅವನಿಗೆ ಬೇಕಾಗಿದ್ದುದು ಆ ನಕ್ಕ ಮುದುಕಿಗೆ ಉತ್ತರ. ಆಕೆಯ ಪ್ರಯಾಣದ ಒಳಗೆ ತನ್ನ ಮಾನವನ್ನು ತುಂಬಿದ. ಅದು ಭಾರವಾಯಿತು, ಎತ್ತರವಾಯಿತು, ಆಕೆಯೇ ಹತ್ತಲಾರದಷ್ಟು ಎತ್ತರವಾಯಿತು.

ನಾವೇನು ಕಡಿಮೆ? ಮಹಡಿ ಮುಗಿಯಲಿ, ಆಮೇಲೆ ಅಕ್ಕನನ್ನು ಕರೆಯೋಣ. ಒಳ್ಳೆಯ ಬಟ್ಟೆ ಬರಲಿ, ಆಮೇಲೆ ಬೀಗರ ಮನೆಗೆ ಹೋಗೋಣ. ಮುನಿಸಿಕೊಂಡ ತಮ್ಮನಿದ್ದಾನೆ, ಅವನ ಮನೆಗೆ ಬರಿಗೈಯಲ್ಲಿ ಹೇಗೆ ಹೋಗುವುದು, ಬೆಳೆ ಬರಲಿ. ನೋಡಿ, ಒಂದೀಟು ತಡಿ, ಒಂದೀಟು ತಡಿ! ಕಾಯುತ್ತಿರುವವರ ಮೊಣಕಾಲು ಸವೆಯುತ್ತಿದೆ. ಇವತ್ತು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮನ್ನು ಏನೋ ಕೇಳಿ, ಕೇಳಿ, ಈಗ ಕೇಳುವುದನ್ನೇ ಬಿಟ್ಟವರು ಒಬ್ಬರಿರುತ್ತಾರೆ. ಅವರ ಹತ್ತಿರ ಕೂತು, ನಾನು ತಯಾರಿ ಮಾಡುತ್ತಿರುವುದು ನಿನಗೆ ಬೇಕಾದದ್ದೇ ಹೌದೇ ಎಂದು ಕೇಳಿ. ಇದ್ದ ಗಾಡಿಯಲ್ಲಿ ಹೊರಡಿ. ಗಾಡಿ ಇಲ್ಲವೇ, ಟ್ರಾಲಿ ಹತ್ತಿ. ಯಾರಾದರೂ ನಕ್ಕರೆ ನಗಲಿ. ಕಾಯುತ್ತಿರುವವರೇ, ನಿಮಗೂ ಒಂದು ಮಾತು, ನೋವಿದ್ದರೆ ನುಂಗಬೇಡಿ, ಬಾಯಿಬಿಟ್ಟು ಹೇಳಿ.

ಇನ್ನೊಂದಿದೆ. ಇದಕ್ಕೆ ಮಾತ್ರ ಹೆಸರು ಹೇಳುತ್ತೇನೆ, ತಪ್ಪು ನನ್ನದೇ ಆದ್ದರಿಂದ. ಹಿಂದಿನ ಓಣಿಯ ಕಾಶವ್ವ ಸೊಂಟ ಮುರಿದುಕೊಂಡು ಮಲಗಿ ಎರಡು ಶ್ರಾವಣ ಆಯಿತು. "ಅಜ್ಜಾರು ಒಮ್ಮೆ ಬಂದು ನನ್ನ ಕಂಬಳಿ ಮ್ಯಾಲೆ ಕುಂತು ಹೋಗಲಿ" ಎಂದು ಸೊಸೆಯ ಕೈಲಿ ನನಗೆ ಹೇಳಿ ಕಳಿಸಿದ್ದಳು. ನಮ್ಮ ಕಮಿಟಿಯವರು ಏನೆಂದರು? ಆ ಗಲ್ಲಿಯಲ್ಲಿ ಮಠದ ಕಾರು ಹಿಡಿಸುವುದಿಲ್ಲ, ರಸ್ತೆ ಅಗಲವಾಗಲಿ, ಪಾದಪೂಜೆಗೆ ಏರ್ಪಾಟು ಮಾಡಿ ಬಾಜಾಭಜಂತ್ರಿಯೊಂದಿಗೆ ಹೋಗೋಣ ಎಂದರು. ನಾನು ಹೂಂ ಎಂದೆ. ಎರಡು ವರ್ಷ ಹೂಂ ಎಂದೆ. ಈ ಮಠದಿಂದ ಆ ಗಲ್ಲಿಗೆ ಎಷ್ಟು ದೂರ? ಇಲ್ಲಿಯ ಗಂಟೆಯ ಸದ್ದು ಅಲ್ಲಿಗೆ ಕೇಳುತ್ತದೆ. ನನ್ನ ಮೊಣಕಾಲು ಇನ್ನೂ ಗಟ್ಟಿ ಇವೆ.

ಆದ್ದರಿಂದ ಇವತ್ತಿನ ಪ್ರವಚನವನ್ನು ಇಲ್ಲಿಗೇ ಬಿಡುತ್ತೇನೆ. ಕಾರು ತೆಗೆಯಬೇಡಿರಪ್ಪಾ, ಯಾರೂ ಹಿಂದೆ ಬರಬೇಡಿ, ನನ್ನ ಪಾದುಕೆ ಎಲ್ಲಿವೆ ಅಷ್ಟು ಹೇಳಿ. ಮಂಗಳಾರತಿಗೆಂದು ಕಾಯುತ್ತಾ ಕೂರಬೇಡಿ, ನಿಮ್ಮನ್ನು ಕಾಯುತ್ತಿರುವವರು ಮನೆಯಲ್ಲಿದ್ದಾರೆ.