ಸತ್ತ ಕೋಳಿಯ ಮುಂದಿನ ಕತೆ

ಅಧ್ಯಕ್ಷತೆ ವಹಿಸಿರುವ ಶಿವಕುಮಾರಿ ತಾಯಿಯವರೇ, ಇಷ್ಟು ಹೊತ್ತು ಮನಸ್ಸಿನ ವಿಚಾರವನ್ನು ತಿಳಿಯಾಗಿ ಹೇಳಿದ ಡಾಕ್ಟರ್ ವೈಶಾಲಿಯವರೇ, ನಮ್ಮ ಘಾಟ್ಕೋಪರ್ ಕನ್ನಡ ಬಳಗದ ಹಿರಿಯರೇ, ರವಿವಾರದ ಮೆಗಾಬ್ಲಾಕ್ ಎಂದು ಲೋಕಲ್ ಗಾಡಿಗಳನ್ನು ನಿಲ್ಲಿಸಿದ್ದರೂ ಕುರ್ಲಾದಿಂದ, ಪಾರ್ಲೆಯಿಂದ ಹೇಗೋ ಬಂದು ಮುಟ್ಟಿರುವ ಸಭಿಕರೇ, ನಿಮಗೆಲ್ಲ ಈ ನಿಂಗಣ್ಣನ ಶರಣು.

ಶಾಲು ಹೊದಿಸಿದಿರಿ, ಪೇಟಾ ತೊಡಿಸಿದಿರಿ. ಪೇಟಾ ಸ್ವಲ್ಪ ಸಡಿಲಾಗಿದೆ. ಅದು ನನ್ನ ಕಣ್ಣಿನ ಮೇಲೆ ಇಳಿದರೆ ಭಾಷಣ ಮುಗಿಯಿತೆಂದು ತಿಳಿದು ಚಪ್ಪಾಳೆ ಹೊಡೆದುಬಿಡಬೇಡಿ.

ಇಳಿವಯಸ್ಸಿನಲ್ಲಿ ಉತ್ಸಾಹದಿಂದ ಇರುವುದು ಹೇಗೆ ಎಂದು ಅನುಭವದಿಂದ ಮಾತಾಡಿ ಅಂತ ಕಾರ್ಯದರ್ಶಿ ದೇವಾನಂದರು ಅಪ್ಪಣೆ ಮಾಡಿದ್ದಾರೆ. ಉತ್ಸಾಹವೇ? ನಾನು ಕುರ್ಲಾ ಕಾರ್‌ಶೆಡ್ಡಿನಲ್ಲಿ ಲೋಕಲ್ ಗಾಡಿಗಳ ಬ್ರೇಕು ರಿಪೇರಿ ಮಾಡುತ್ತಿದ್ದ ಫಿಟ್ಟರ್. ನನ್ನ ಜನ್ಮವೆಲ್ಲ ಓಡುವುದನ್ನು ನಿಲ್ಲಿಸುವ ಕೆಲಸದಲ್ಲೇ ಹೋಯಿತು. ನಿವೃತ್ತಿಯಾದ ಮೇಲೆ ನಾನೇ ನಿಂತುಬಿಟ್ಟೆ.

ನಿಂತ ಮನುಷ್ಯ ಮನೆಯಲ್ಲಿ ಏನು ಮಾಡುತ್ತಾನೆ? ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾನೆ. ನಲ್ಲಿ ಬಿಗಿ ಮಾಡುತ್ತಾನೆ, ಬಿಗಿ ಮಾಡಿ ಮಾಡಿ ಕೆಡಿಸುತ್ತಾನೆ. ನನ್ನ ಹೆಂಡತಿ ಭಾಗವ್ವ, ಅಗೋ ಮೂರನೇ ಸಾಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ, ಒಂದು ದಿನ ಕೈಮುಗಿದು ಹೇಳಿದಳು: "ನೀವು ಡ್ಯೂಟಿಗೆ ಹೋಗತಿದ್ದಾಗ ಈ ಮನಿ ಎಷ್ಟ್ ಸುಖದಾಗಿತ್ರಿ! ಸಂಜಿತನಕಾ ಎಲ್ಲ್ಯರ ಹೋಗಿ ಬರ್ರಿ."

ಎಲ್ಲಿಗೆ ಹೋಗಲಿ? ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದೆ. ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ನಾನಿಲ್ಲದೆಯೂ ಎಲ್ಲವೂ ಸರಿಯಾಗಿಯೇ ನಿಲ್ಲುತ್ತಿದ್ದವು. ಸಭಿಕರೇ, ಅದನ್ನು ನೋಡಿ ಸಂತೋಷ ಪಡಬೇಕಲ್ಲವೇ? ನನಗೆ ಆಗಲಿಲ್ಲ.

ನನ್ನ ಹತ್ತಿರ ಉಳಿದಿದ್ದ ಆಸ್ತಿ ಅಂದರೆ ಕತೆಗಳು. ಸಿಂದಗಿ ತಾಲೂಕಿನ ನಮ್ಮೂರಲ್ಲಿ ನನ್ನ ಸೋದರತ್ತೆ ಶ್ಯಾವಿಗೆ ಹೊಸೆಯುತ್ತ ಕತೆ ಹೇಳುತ್ತಿದ್ದಳು. ಅವಳದೊಂದು ಕಟ್ಟಳೆ ಇತ್ತು. ಕೇಳುವವರಲ್ಲಿ ಒಬ್ಬರು ಮಾತು ಮಾತಿಗೂ "ಹೂಂ" ಅನ್ನಲೇಬೇಕು. ಹೂಂ ನಿಂತಿತೋ, ಕತೆಯೂ ನಿಂತಿತು. ರಾಜಕುಮಾರಿ ಬಾವಿಯ ಅರ್ಧಕ್ಕೆ ಇಳಿದಿದ್ದರೂ ಅಲ್ಲೇ ಜೋತಾಡಬೇಕು! "ಹೂಂ ಅನ್ನವರಿಲ್ಲಂದ್ರ ನಾ ಏನ್ ಗ್ವಾಡಿಗೆ ಹೇಳ್ಲ್ಯಾ?" ಅನ್ನುತ್ತಿದ್ದಳು.

ಮುಂಬಯಿಯಲ್ಲಿ ನನಗೆ ಅಂಥ ಗೋಡೆಗಳು ಬೇಕಾದಷ್ಟು ಸಿಕ್ಕವು. ಮೊಮ್ಮಗಳು ಹರಿಣಿಗೆ ಹೇಳಹೋದೆ. ಒಂದೂರಲ್ಲಿ ಒಬ್ಬ ರಾಜ ಅನ್ನುವಷ್ಟರಲ್ಲಿ ಕೂಸು ಕೇಳಿತು: "ಅಜ್ಜಾ, ಶಾರ್ಟ್ ಮೇ ಬೋಲೋ ನಾ. ಲಾಸ್ಟ್‌ನಲ್ಲಿ ಏನಾಯ್ತು?" ಭಾಗವ್ವನಿಗೆ ಹೇಳಿದೆ. ಅವಳು ಹೂಂ ಅಂದಳು, ಹೂಂ ಅಂದಳು, ಆಮೇಲೆ ಅದೇ ರಾಗದಲ್ಲಿ ಗೊರಕೆ ಹೊಡೆದಳು.

ಇಂಥ ದಿನಗಳಲ್ಲೇ ನಮ್ಮ ಎದುರು ಬಿಲ್ಡಿಂಗಿನ ಮುರಿಗೆಪ್ಪ ಮಾಸ್ತರರಿಗೆ ಪಾರ್ಶ್ವವಾಯು ಹೊಡೆಯಿತು. ಮಾಸ್ತರರು ಇಲ್ಲಿಯ ಕನ್ನಡ ಶಾಲೆಯಲ್ಲಿ ಮೂರು ತಲೆಮಾರಿಗೆ ಪಾಠ ಹೇಳಿದವರು. ಈ ಸಭೆಯಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡವರು ಎಷ್ಟು ಮಂದಿ ಇದ್ದೀರಿ? ಹೂಂ, ಕೈ ಇಳಿಸಿ, ಕಿವಿ ಮುಟ್ಟಿ ನೋಡಿಕೊಳ್ಳುವುದೂ ಬೇಡ. ಮಾಸ್ತರರ ಕೈಕಾಲು ಬೇಗ ಸುಧಾರಿಸಿದವು, ಮಾತು ಮಾತ್ರ ಹೋಯಿತು. ಉಳಿದದ್ದು ಒಂದೇ ಸದ್ದು: ಹೂಂ.

ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಒಳ್ಳೆಯ ಹುಡುಗಿ. ಮಾವಿನಹಣ್ಣಿನ ಚಿತ್ರ ಹಿಡಿದು, "ಅಂಕಲ್, ಯೇ ಕ್ಯಾ ಹೈ?" ಅನ್ನುತ್ತಿದ್ದಳು. ಜೀವನವೆಲ್ಲ ಕಲಿಸಿದ ಮನುಷ್ಯ ಹಣ್ಣಿನ ಹೆಸರು ಹೇಳಲಾರದೆ ಕುಳಿತರೆ ಹೇಗಿರುತ್ತದೆ? ಮನೆಯವರದೋ ಪ್ರೀತಿ. ಬಾಯಿ ತೆರೆದರೆ ಸಾಕು, "ನೀರು? ಚಹಾ? ಫ್ಯಾನ್ ಹಚ್ಚಲಾ?" ಎಂದು ಇವರಿಗಿಂತ ಮೊದಲೇ ಶಬ್ದ ಎತ್ತಿ ಕೊಟ್ಟುಬಿಡುತ್ತಿದ್ದರು. ಮಾಸ್ತರರು ಬಾಯಿ ತೆರೆಯುವುದನ್ನೇ ಬಿಟ್ಟರು. ಪ್ರಯತ್ನವೇ ನಿಂತರೆ ಮಾತು ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಾಸ್ತರರ ಹೆಂಡತಿ ಭುವನೇಶ್ವರಿ ಅಕ್ಕನವರು ಲಿಫ್ಟಿನ ಹತ್ತಿರ ನನ್ನನ್ನು ನಿಲ್ಲಿಸಿ ಅತ್ತರು: "ನಿಂಗಣ್ಣಾರ, ಗ್ವಾಡಿ ಕಡೆ ಮಾರಿ ಮಾಡಿ ಮಲಗತಾರ್ರಿ. ನೀವರ ಒಂದೀಟ್ ಬಂದು ಕೂಡ್ರಿ."

ನಾನು ಹೋದೆ. ಏನು ಮಾತಾಡಬೇಕೋ ತಿಳಿಯಲಿಲ್ಲ. ಸುಮ್ಮನೆ ಶುರು ಮಾಡಿದೆ: "ಒಂದೂರಾಗ ಒಬ್ಬಾಕಿ ಮುದುಕಿ ಇದ್ಲು." ಗೋಡೆಯ ಕಡೆಯಿಂದ "ಹೂಂ" ಅಂತ ಬಂತು.

"ಆಕಿ ಹತ್ರ ಒಂದು ಕುಂಟ ಕೋಳಿ ಇತ್ತು."

"ಹೂಂ."

ಏನು ಹೇಳಲಿ ಸಭಿಕರೇ! ನನ್ನ ಸೋದರತ್ತೆಯೇ ಎದುರು ಕುಳಿತಂತಾಯಿತು. ಇಡೀ ಮುಂಬಯಿಯಲ್ಲಿ ನನಗೆ ಬೇಕಾಗಿದ್ದ ಒಂದೇ ಒಂದು ಶಬ್ದ ಈ ಮನುಷ್ಯನ ಬಾಯಲ್ಲಿ ಉಳಿದಿತ್ತು.

ದಿನಾಲೂ ಹೋಗಿ ಆ ಕೋಳಿಯ ಕತೆಯನ್ನೇ ಬೆಳೆಸತೊಡಗಿದೆ. ಭಾಗವ್ವನಿಗೆ, "ಪಾಪ, ಮಾಸ್ತರಿಗೆ ಬ್ಯಾಸರ ಆಗ್ತದ, ಅದಕ್ಕ ಹೋಗ್ತೀನಿ" ಎನ್ನುತ್ತಿದ್ದೆ. ಒಂದು ದಿನ ಅಕ್ಕನವರು ಫೋನು ಮಾಡಿ, ಇವರಿಗೆ ಜ್ವರ ಬಂದಿದೆ, ಇವತ್ತು ಬರಬೇಡಿ ಅಂದರು. ಆಯಿತು ಎಂದೆ. ಎಂದವನು ಬಟ್ಟೆ ಹಾಕಿಕೊಂಡು ಹೋಗಿ ಅವರ ಬಿಲ್ಡಿಂಗಿನ ವಾಚ್‌ಮನ್ ಪಕ್ಕದಲ್ಲಿ ಸಂಜೆಯವರೆಗೆ ಕುಳಿತು ಬಂದೆ. ಬೇಸರ ಯಾರಿಗೆ ಆಗುತ್ತಿತ್ತು? ಇದನ್ನು ಹೇಳಬಾರದಿತ್ತು, ಬಾಯಿ ತಪ್ಪಿ ಬಂತು. ಭಾಗವ್ವ ಈಗ ನಗುತ್ತಿಲ್ಲ.

ಮಳೆಗಾಲ ಕಳೆಯಿತು. ಮಾಸ್ತರರು ಗೋಡೆಯಿಂದ ನನ್ನ ಕಡೆಗೆ ತಿರುಗಿದ್ದರು, ಎದ್ದು ಕೂಡುತ್ತಿದ್ದರು, ಆದರೆ ಹೂಂ ದಾಟಿ ಒಂದಕ್ಷರವಿಲ್ಲ. ಒಂದು ದಿನ ನನಗೆ ಮನೆಯ ನಲ್ಲಿಯ ಚಿಂತೆ. ಅದೇ, ನಾನೇ ಕೆಡಿಸಿದ್ದು. ಲಕ್ಷ್ಯ ಅಲ್ಲಿಟ್ಟುಕೊಂಡು ಕತೆ ಹೇಳುತ್ತಿದ್ದೆ: "ಅವಾಗ ಆ ಕುಂಟ ಕೋಳಿ ಅರಮನಿ ಬಾಗಲಕ್ಕ ಹೋಗಿ ರಾಜಾನ್ನ ಕರೀತು."

ಹೂಂ ಬರಲಿಲ್ಲ.

ಮತ್ತೆ ಹೇಳಿದೆ: "ಕೋಳಿ ಅರಮನಿಗೆ ಹೋತು ಮಾಸ್ತರ."

ಮಾಸ್ತರರ ಮುಖ ಕೆಂಪಾಯಿತು. ತೋರುಬೆರಳು ಮೇಲೆದ್ದಿತು. ನಿಮ್ಮಲ್ಲಿ ಬಹಳ ಮಂದಿಗೆ ಆ ಬೆರಳಿನ ಪರಿಚಯವಿದೆ. ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು. ನಾನು ಹೆದರಿ ಅಕ್ಕನವರನ್ನು ಕೂಗಬೇಕು, ಅಷ್ಟರಲ್ಲಿ ಹೊರಬಿತ್ತು:

"ತ... ತಪ್ಪು!"

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅಕ್ಕನವರು ಹಿಟ್ಟಿನ ಕೈಯಲ್ಲೇ ಓಡಿಬಂದರು. ಮಾಸ್ತರರು ನಮ್ಮಿಬ್ಬರನ್ನೂ ನೋಡಿ, ಬಹಳ ಹೊತ್ತು ಹುಡುಕಿ ಹುಡುಕಿ ಮುಂದಿನದನ್ನು ಎಳೆದು ತಂದರು: "ಕೋಳಿ... ಸತ್ತದ."

ಹೌದಲ್ಲ! ಹಿಂದಿನ ದಿನದ ಕತೆಯಲ್ಲಿ ನರಿ ಬಂದು ಆ ಕೋಳಿಯನ್ನು ತಿಂದು ಹೋಗಿತ್ತು. ಮುದುಕಿ ಅತ್ತೂ ಆಗಿತ್ತು. ಮರೆತವನು ನಾನು. ಮಾವಿನಹಣ್ಣು ಹೇಳಿಸಲಾರದ್ದನ್ನು ನನ್ನ ತಪ್ಪು ಹೇಳಿಸಿತ್ತು. ಯಾಕೆಂದರೆ ಮಾವಿನಹಣ್ಣು ಏನೆಂದು ಕೇಳುವವರಿಗೇ ಗೊತ್ತಿತ್ತು. ಇಲ್ಲಿ ಗೊತ್ತಿದ್ದದ್ದು ಮಾಸ್ತರರಿಗೆ ಮಾತ್ರ. ಅವರು ಹೇಳದಿದ್ದರೆ ಆ ಕತೆ ಕೆಟ್ಟೇ ಹೋಗುತ್ತಿತ್ತು.

ನಾನು ಕೈಮುಗಿದೆ. "ಇನ್ನ ಹ್ಯಾಂಗ್ರಿ ಮಾಸ್ತರ? ಕೋಳಿ ಇಲ್ಲಂದ್ರ ಕತಿ ಹ್ಯಾಂಗ ಮುಂದ ಹೋಗಬೇಕು?" ಅಕ್ಕನವರು ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ಕೈ ಮಾಡಿದೆ. ಕಾಯ್ದೆವು. ಹೊರಗೆ ಹಳೇ ಸಾಮಾನು ಕೊಳ್ಳುವ ಭಂಗಾರವಾಲಾ ಬಂದು ಕೂಗಿ ಹೋದ. ಕುಕ್ಕರು ಸೀಟಿ ಹೊಡೆಯಿತು. ಆಮೇಲೆ ಮಾಸ್ತರರು ಅಂದರು: "ಮೊಟ್ಟಿ... ಅದ."

ಆ ಮೊಟ್ಟೆ ನನ್ನ ಕತೆಯಲ್ಲಿ ಇರಲಿಲ್ಲ, ನನ್ನ ಸೋದರತ್ತೆಯ ಕತೆಯಲ್ಲೂ ಇರಲಿಲ್ಲ. ಅದು ಮುರಿಗೆಪ್ಪ ಮಾಸ್ತರರದೇ ಮೊಟ್ಟೆ.

ಅಂದಿನಿಂದ ನಾನು ಬೇಕೆಂದೇ ತಪ್ಪು ಹೇಳುತ್ತೇನೆ. ಆನೆಯನ್ನು ಮರ ಹತ್ತಿಸುತ್ತೇನೆ, ಬ್ರಹ್ಮಚಾರಿಗೆ ಮೊಮ್ಮಕ್ಕಳನ್ನು ಕೊಡುತ್ತೇನೆ. ಅವರು ಬೈದು ತಿದ್ದುತ್ತಾರೆ. ಮೊನ್ನೆ ಸ್ಪಷ್ಟವಾಗಿ, "ನಿನಗ... ಬುದ್ಧಿ... ಇಲ್ಲ" ಅಂದರು. ನಾನೂ ಅಕ್ಕನವರೂ ಪೇಡೆ ತರಿಸಿ ಹಂಚಿದೆವು.

ಡಾಕ್ಟರ್ ವೈಶಾಲಿಯವರು ಈಗಷ್ಟೇ ಹೇಳಿದರು, ನಾನು ಯಾರಿಗೋ ಬೇಕಾದವನು ಎಂಬ ಭಾವನೆಯೇ ಮುಪ್ಪಿನಲ್ಲಿ ಮನಸ್ಸನ್ನು ಎತ್ತಿ ಹಿಡಿಯುತ್ತದೆ ಎಂದು. ಖರೆ ಮಾತು ತಾಯಿ. ನಾನು ಉಪಕಾರ ಮಾಡಲು ಹೋಗಿದ್ದೆ ಅಂದುಕೊಂಡಿದ್ದೆ. ನೋಡಿದರೆ ಇಬ್ಬರು ಮುದುಕರು ಒಬ್ಬರಿಗೊಬ್ಬರು ಕೆಲಸ ಹಚ್ಚಿಕೊಟ್ಟಿದ್ದೆವು, ಅಷ್ಟೇ. ಈಗ ನಾನು ಸ್ಟೇಷನ್ನಿಗೆ ಹೋಗುವುದು ಗಾಡಿ ಹತ್ತುವುದಿದ್ದರೆ ಮಾತ್ರ.

ಇನ್ನು ನನ್ನ ಮಾತು ಸಾಕು. ನನ್ನ ಸಮಯದಲ್ಲಿ ಅರ್ಧವನ್ನು ಉಳಿಸಿ ಇನ್ನೊಬ್ಬರಿಗೆ ಕೊಡಿ ಎಂದು ದೇವಾನಂದರಲ್ಲಿ ಕೇಳಿಕೊಂಡಿದ್ದೆ. ಆ ಮೊಟ್ಟೆಯಿಂದ ಹೊರಬಂದ ಮರಿಯ ಕತೆಯನ್ನು ಮುರಿಗೆಪ್ಪ ಮಾಸ್ತರರು ಈಗ ಇದೇ ಮೈಕಿನಲ್ಲಿ ಹೇಳುತ್ತಾರೆ. ಬೆಳಗ್ಗೆ ಅವರು ಬರುವುದಿಲ್ಲ ಅಂದಿದ್ದರು. ಮಧ್ಯಾಹ್ನ ಬರುತ್ತೇನೆ ಅಂದರು. ಈಗ ಅಂಗಿಗೆ ಇಸ್ತ್ರಿ ಹೊಡೆಸಿಕೊಂಡು ಬಂದಿದ್ದಾರೆ. ಶಬ್ದ ಶಬ್ದದ ನಡುವೆ ಬಹಳ ಹೊತ್ತು ಹಿಡಿಯುತ್ತದೆ. ದಯವಿಟ್ಟು ಯಾರೂ ಶಬ್ದ ಎತ್ತಿ ಕೊಡಬೇಡಿ. ಕರುಣೆಯಿಂದ ಚಪ್ಪಾಳೆಯನ್ನೂ ಹೊಡೆಯಬೇಡಿ. ಅವರ ಮಾತು ನಿಂತಲ್ಲಿ ನಾವೆಲ್ಲ ಸೇರಿ "ಹೂಂ" ಅನ್ನೋಣ. ಅವರಿಗೆ ಕೇಳಿಸುವಷ್ಟು ಅಂದರೆ ಸಾಕು.

ಶಾಲು ಹೊದಿಸಿದ ಬಳಗಕ್ಕೆ, ಮನೆಯಿಂದ ಹೊರಹಾಕಿ ಉಪಕಾರ ಮಾಡಿದ ಭಾಗವ್ವನಿಗೆ, ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆ ನಾನು ಋಣಿ. ಬರ್ರಿ ಮಾಸ್ತರ, ಸಾವಕಾಶ, ಮೆಟ್ಟಿಲ ಅದ. ನಾನು ಕೆಳಗೆ ಮುಂದಿನ ಸಾಲಿನಲ್ಲೇ ಕೂಡುತ್ತೇನೆ.

ಎಲ್ಲರಿಗೂ ನಮಸ್ಕಾರ.