ಬ್ರಷ್ ಹಿಡಿಕೆಯ ಸೂಜಿ

…ಬೆಳಿಗ್ಗೆಯಿಂದ ಆ ಕಂಡಕ್ಟರ್ ಹತ್ರ ಜಗಳ ನಂದು. ಈ ಮೂಟೆ ಒಳಗಿಡಬೇಡ ಅಂತಾನೆ. ಬಸ್ಸಿನ ಮೇಲೆ ಹಾಕಿದ್ರೆ ನೆನೀತದೆ. ಶಿವಮೊಗ್ಗದಿಂದ ಸಾಗರದ ತನಕ ತೊಡೆ ಮೇಲಿಟ್ಕೊಂಡೇ ಬಂದೆ, ಕಾಲಿನ್ನೂ ಜೋಮು ಬಿಟ್ಟಿಲ್ಲ. ಅದಕ್ಕೇ ತಡ ಆಯ್ತು — ಕ್ಷಮಿಸಿ.

ಸೇರಿರೋ ಎಲ್ಲರಿಗೂ ನಮಸ್ಕಾರ. ಮಾಸ್ತಪ್ಪಣ್ಣ, ನಿಮಗೂ ಮಕ್ಕಳಿಗೂ ಕೈ ಮುಗೀತೀನಿ. ನಿಮ್ಮ ಮನೆಯವ್ರು, ನಮ್ಮ ಕೆರಿಯಮ್ಮಕ್ಕ, ನಮ್ಮನ್ನಗಲಿ ಇವತ್ತಿಗೆ ಹದಿನೈದು ದಿನ. ನಾನು ಸುಮನಾ. ಇದೇ ಕೋಣೇಲಿ ಮೂರು ವರ್ಷ ಅಕ್ಕನ ಪಕ್ಕ ಕೂತು ಬಟ್ಟೆಚೂರಿನ ಹಾಸು ಹೆಣೆದವಳು. ಆಮೇಲೆ ಕಾಲು ನಿಲ್ಲಲಿಲ್ಲ — ಉಡುಪಿ, ಹುಬ್ಬಳ್ಳಿ, ಈಗ ತಿರುಪ್ಪೂರಿನ ಬನಿಯನ್ ಕಾರ್ಖಾನೆ.

ಅಕ್ಕನ ಸಾಮಾನು ಏನಿತ್ತು ಹೇಳಿ? ಒಂದು ಕತ್ತರಿ. ಹಳೇ ಸೀರೆ, ಲುಂಗಿ ಹರಿದ ಪಟ್ಟಿ. ಒಂದು ಸೂಜಿ. ಆ ಸೂಜಿ ಅಂಗಡೀಲಿ ಸಿಗಲ್ಲ. ಹಲ್ಲುಜ್ಜೋ ಬ್ರಷ್ಷಿನ ತಲೆ ಕತ್ತರಿಸಿ, ಆ ತುದಿ ಕಲ್ಲಿಗೆ ತಿಕ್ಕಿ ಚೂಪು ಮಾಡಿ, ಇನ್ನೊಂದು ತುದೀಲಿ ಕಾದ ಕೊಡೆಕಡ್ಡಿ ಚುಚ್ಚಿ ಕಣ್ಣು ತೆಗೆಯೋದು. ಹೊಸನಗರ ಸಂತೇಲೂ ಅದೇ ಮಾತು, ನೆಂಟರ ಮನೇಲೂ ಅದೇ — "ಹಳೇ ಬ್ರಷ್ ಇದ್ಯನೇ?" ಮುಕುಂದಯ್ಯನೋರು ಇಲ್ಲೇ ಕೂತಿದಾರೆ, ಕೇಳಿ. ಅಕ್ಕ ಬರೋದು ಕಂಡ್ರೆ ಬ್ರಷ್ ಬಚ್ಚಿಡ್ತಿದ್ರು. "ಇನ್ನೂ ಒಂದು ತಿಂಗಳು ಉಜ್ಜಬಹುದು ಮಾರಾಯ್ತಿ" ಅಂತ.

ನನ್ನ ಮೊದಲ್ನೇ ಹಾಸು — ಗಂಟು ಬಿಗಿಯಾಗಿರಲಿ ಅಂತ ಎಳೆದೆ, ಎಳೆದೆ — ಹೀಗೆ, ಎರಡೂ ಕೈಲಿ. ಸಂಜೆಗೆ ನೋಡಿದ್ರೆ ಅದು ಬುಟ್ಟಿ ಆಗಿತ್ತು. ಅಕ್ಕ ತಿರುಗಿಸಿ ತಿರುಗಿಸಿ ನೋಡಿದ್ರು. "ಚೆನ್ನಾಗದೆ. ಕೋಳಿ ಕಾವಿಗೆ ಕೂರ್ಸು" ಅಂದ್ರು. ನಾನು ಅತ್ತುಬಿಟ್ಟೆ. ಆಗ ಪಕ್ಕ ಕೂರಿಸ್ಕೊಂಡು ಅಷ್ಟೂ ಬಿಚ್ಚಿಸಿದ್ರು. "ತಿರುವಿನಲ್ಲಿ ಹಿಂದಿನ ಸುತ್ತಿನ ಒಂದೇ ಕಣ್ಣಿಗೆ ಎರಡು ಗಂಟು ಹಾಕು. ಸುತ್ತು ದೊಡ್ಡದಾದಂಗೆ ಜಾಗ ಕೊಡ್ಬೇಕು ಕಣೇ. ಇಲ್ದಿದ್ರೆ ಮುದುಡ್ಕಳ್ತದೆ."

ನಾನು ಊರು ಬಿಟ್ಟಾಗ ಎಲ್ಲರೂ ಬೈದ್ರಿ. ನೀವೂ ಬೈದ್ರಿ, ಸರೋಜಕ್ಕ. ಕೆರಿಯಮ್ಮಕ್ಕ ಬೈಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಕೈಗೊಂದು ಸೂಜಿ ಕೊಟ್ರು — ಅಷ್ಟೇ.

ಹೋದ ವಾರ ಸರೋಜಕ್ಕ ಫೋನ್ ಮಾಡಿದ್ರು. "ಸೂಜಿ ಮಾಡೋರೇ ಹೋದ್ರು. ಇರೋ ನಾಲ್ಕು ಮುರಿದ್ರೆ ಮುಗೀತು. ಈ ಕೋಣೆ ಬಾಗಿಲು ಹಾಕ್ತೀವಿ" ಅಂದ್ರು. ಹಾಕಬೇಡಿ ಸರೋಜಕ್ಕ. ಮೂಟೆ ಬಿಚ್ಚಿ ನೋಡಿ. ಕೆಳಗಿರೋದು ಬನಿಯನ್ ಚೂರು. ಮೇಲಿನ ಡಬ್ಬೀಲಿ ಹನ್ನೊಂದು ಸೂಜಿ ಇದೆ. ನಾನೇ ಮಾಡಿದ್ದು, ನಮ್ಮ ಹಾಸ್ಟೆಲ್ ಹುಡುಗೀರ ಬ್ರಷ್ಷಿಂದ. ಶುರುವಲ್ಲಿ ಆರು ಸೀಳಿ ಹೋದ್ವು — ಕಡ್ಡಿ ಕೆಂಪಗೆ ಕಾಯೋ ತನಕ ತಾಳ್ಮೆ ಇರಲಿಲ್ಲ, ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಏಳನೇದಕ್ಕೆ ಕಾದೆ. ಆಮೇಲೆ ಒಂದೂ ಸೀಳಲಿಲ್ಲ. ಇನ್ನು ನೀವೂ ಕಲೀಬಹುದು.

ಆ ಫೋಟೋ ಮುಂದಿರೋ ಹಾಸು ಅಕ್ಕ ಅರ್ಧಕ್ಕೆ ಬಿಟ್ಟಿದ್ದು. ಸೂಜಿ ಇನ್ನೂ ಅದರಲ್ಲೇ ಇದೆ, ನೋಡಿ. ಮಾಸ್ತಪ್ಪಣ್ಣ, ನಿಮ್ಮ ಒಪ್ಪಿಗೆ ಇದ್ರೆ ಹೋಗೋ ಮುಂಚೆ ಒಬ್ಬೊಬ್ಬರೂ ಒಂದೊಂದು ಗಂಟು ಹಾಕೋಣ. ಮುಕುಂದಯ್ಯನೋರೂ ಹಾಕ್ಬೇಕು. ಬಿಗಿಯಾಗಿ ಎಳೀಬೇಡಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಕ್ಕನಿಗಾಗಿ ಎರಡು ನಿಮಿಷ — ಮಾತು ಬೇಡ, ಫೋನೂ ಬೇಡ. ಸೂಜಿ ಮಾಡುವಾಗ ಸೀಳಿದ್ರೆ ನಾಡಿದ್ದಿನಿಂದ ನನಗೆ ಫೋನ್ ಮಾಡಿ, ಶಿಫ್ಟ್ ಬಿಟ್ಟ ಮೇಲೆ — ರಾತ್ರಿ ಎಂಟೂವರೆಗೆ.