ಎರಡು ಕೂಗು

ಲೈಟು ಆರಿಸಬೇಡಿ, ಇರಲಿ. ಇದು ಕಟ್ಟುಕತೆಯಲ್ಲ. ನಮ್ಮ ಚಿಕ್ಕಮ್ಮನ ಮಗಳು ಲತಾಮಣಿಗೆ ಹೋದ ವರ್ಷ ಆದದ್ದು. ಚನ್ನಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಅವಳು.

ಆವತ್ತು ಮಧ್ಯಾಹ್ನ ಬೈಕಿನಿಂದ ಬಿದ್ದ ಕೃಷ್ಣಪ್ಪನನ್ನು ಕರೆತಂದರು. ತಲೆಗೆ ಪೆಟ್ಟು, ಆದರೂ ಮಾತಾಡುತ್ತಿದ್ದ. ಡಾಕ್ಟರ್ ಹಮೀದಾ ಅವನ ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಬುರುಡೆಯೊಳಗೆ ಒತ್ತಡ ಏರಿದರೆ ಕಣ್ಣಿನ ಹಿಂದಿನ ನರದ ಕವಚ ಊದಿಕೊಳ್ಳುತ್ತದಂತೆ. ಅವನ ಹೆಂಡತಿ ಸಿದ್ದಮ್ಮನಿಗೆ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾಡುವುದು ಅಂತಷ್ಟೇ ಗೊತ್ತು.

"ಗಂಡಸ್ರಿಗೂ ಸ್ಕ್ಯಾನಿಂಗಾ?" ಅಂತ ಬಾಯಿ ಮೇಲೆ ಕೈ ಇಟ್ಟಳು.

"ತಣ್ಣಗೈತೆ ಕಣವ್ವಾ," ಅಂದ ಕೃಷ್ಣಪ್ಪ, ಅವನ ತಲೆ ಹಿಡಿದುಕೊಂಡಿದ್ದ ಲತಾಮಣಿಗೆ. ಗೊಗ್ಗರು ದನಿ.

ಊತ ಇರಲಿಲ್ಲ. ರಾತ್ರಿ ಇಲ್ಲೇ ಇರಲಿ ಅಂದರು ಡಾಕ್ಟ್ರು.

ಡ್ಯೂಟಿ ಮುಗಿಸಿದ ಲತಾಮಣಿ ತನ್ನೂರು ಹೊಂಗನೂರಿನ ಕೊನೇ ಬಸ್ಸಿಳಿದು ಮನೆ ಕಡೆ ನಡೆದಳು. ದಾರಿಯಲ್ಲಿ ಒಂದು ಹಳೇ ಬಾವಿ. ಮಕ್ಕಳು ಬೀಳದಿರಲಿ ಅಂತ ಕಲ್ಲುಚಪ್ಪಡಿ ಮುಚ್ಚಿದ್ದಾರೆ. ಅವಳ ಚಪ್ಪಲಿಯ ಚರಚರ ಬಿಟ್ಟರೆ ಬೇರೆ ಸದ್ದಿಲ್ಲ... ಚಪ್ಪಡಿಯ ಕೆಳಗಿಂದ ಟಕ್... ಟಕ್...

"ಲತಾಮಣವ್ವಾ..."

ನಿಂತಳು. ನಮ್ಮ ಕಡೆ ಗೊತ್ತಲ್ಲ, ರಾತ್ರಿ ಹೊತ್ತು ಯಾರೇ ಕೂಗಲಿ, ಮೂರನೇ ಸಲದವರೆಗೂ ಓ ಅನ್ನಬಾರದು. ದೆವ್ವಕ್ಕೆ ಮೂರನೇ ಸಲ ಕೂಗಲು ಬರುವುದಿಲ್ಲ.

"ಲತಾಮಣವ್ವಾ... ಮುಚ್ಚಳ ತೆಗಿಯವ್ವಾ..."

ತೀರಾ ಸಣ್ಣಗೆ. ಅದೇ ಗೊಗ್ಗರು ದನಿ! ಕಾಲು ಕೀಳಲಾಗಲಿಲ್ಲ. ಓ ಅನ್ನುವ ಹಾಗೂ ಇಲ್ಲ, ಓಡುವ ಹಾಗೂ ಇಲ್ಲ. ಮೂರನೇ ಕೂಗಿಗೆ ಕಾದಳು... ಟಕ್ ಅನ್ನುವುದೂ ನಿಂತುಹೋಯಿತು.

ಅಲ್ಲಿಂದಲೇ ಡಾಕ್ಟರ್ ಹಮೀದಾಗೆ ಫೋನ್ ಹಚ್ಚಿದಳು. "ಮೇಡಂ, ಕೃಷ್ಣಪ್ಪ...?"

"ಮಲಗಿದ್ದಾರಲ್ಲಮ್ಮಾ." ಹಿಂದಿನಿಂದ ಸಿದ್ದಮ್ಮನ ಪಿಸುದನಿ: "ಮನಿಕಂಡವ್ರೆ, ಎಬ್ಬಿಸ್ಬ್ಯಾಡಿ."

"ಇನ್ನೊಂದ್ಸಲ ಕಣ್ಣು ಸ್ಕ್ಯಾನ್ ಮಾಡಿ ಮೇಡಂ... ಈಗ್ಲೇ."

ಅದು ನಿದ್ದೆಯಲ್ಲ. ಅಲುಗಾಡಿಸಿದರೂ ಏಳಲಿಲ್ಲ. ನರದ ಕವಚ ಊದಿಕೊಂಡಿತ್ತು. ಬೆಂಗಳೂರಿಗೆ ಒಯ್ದು, ಬುರುಡೆ ತೆರೆದು, ಕಟ್ಟಿಕೊಂಡಿದ್ದ ರಕ್ತ ತೆಗೆದರು. ಬದುಕಿಕೊಂಡ, ಪುಣ್ಯಾತ್ಮ.

ಎರಡು ತಿಂಗಳಾದ ಮೇಲೆ ಲತಾಮಣಿ ಅವನನ್ನು ನೋಡಲು ಹೋದಳು. ಜೊತೆಗೆ ನಾನೂ ಇದ್ದೆ, ಸುಳ್ಳಾಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಬಾವಿಯ ವಿಷಯ ಅವಳು ಆ ಮನೆಯವರಿಗೆ ಹೇಳಿರಲೇ ಇಲ್ಲ. ಕೃಷ್ಣಪ್ಪ ಅವಳ ಕಾಲಿನ ಕಡೆ ನೋಡಿದ.

"ನಿನ್ ಚಪ್ಲಿ ಸದ್ದು ಕೇಳಿಸ್ತು ಕಣವ್ವಾ. ಮ್ಯಾಲೆ ಚಪ್ಪಡಿ ಹಾಕ್ಬುಟ್ಟಿದ್ರು. ಎಲ್ಡು ಸಲ ಕೂಗ್ದೆ... ಯಾಕವ್ವಾ ಓ ಅನ್ನಲಿಲ್ಲ?"

ನಂಬದಿದ್ದರೆ ಬಿಡಿ. ಈಗ ರಾತ್ರಿ ಯಾರು ಕೂಗಿದರೂ ಲತಾಮಣಿ ಮೊದಲನೇ ಸಲಕ್ಕೇ ಓ ಅಂತಾಳೆ.